ಕಂಬಿ ಗೇಟು, ತಗಡಿನ ಗೇಟು

ನಮ್ಮೂರಿಗೆ ಬರೋರೆಲ್ಲ ಅಮೃತೇಶ್ವರನ ಗುಡಿ ನೋಡೋಕೇ ಬರೋದು. ಕಾರಿಂದ ಇಳೀತಾರೆ, ಸೀದಾ ಒಳಗೆ ಹೋಗ್ತಾರೆ, ಹೊಳೆಯೋ ಕಂಬಗಳ ಮಧ್ಯೆ ನಿಂತು ಫೋಟೋ ತಗೋತಾರೆ, ಹೊರಡ್ತಾರೆ. ಸ್ವಲ್ಪ ಪುರುಸೊತ್ತು ಇದ್ದೋರು ಹೊರಗಿನ ಗೋಡೆ ಸುತ್ತು ಹಾಕಿ ದಕ್ಷಿಣದ ಕಡೆ ರಾಮಾಯಣ, ಉತ್ತರದ ಕಡೆ ಕೃಷ್ಣನ ಕತೆ, ಭಾರತದ ಕತೆ ನೋಡ್ತಾರೆ. ರಾಮಾಯಣ ಒಂದೇ 70 ಫಲಕ ಇದೆ, ಅದೂ ಎಲ್ಲಾ ಕಡೆ ಇರೋ ಹಾಗೆ ಬಲಗಡೆಯಿಂದ ಅಲ್ಲ, ಉಲ್ಟಾ ಸುತ್ತು. ಇಷ್ಟೆಲ್ಲ ನೋಡಿದೋರೂ ಗುಡಿ ಆವರಣದ ಪೌಳಿ ಗೋಡೆ ಮುಂದೆ ನಿಂತಿದ್ದನ್ನ ನಾನು ಕಂಡಿದ್ದು ಕಮ್ಮಿ. ಆ ಗೋಡೇಲೂ ಕೆಲಸ ಇದೆ. ಸಮ ಸಮ ದೂರಕ್ಕೆ ಒಂದೊಂದು ದುಂಡನೆ ಕೆತ್ತನೆ, ಸಾಲಾಗಿ. ಎಷ್ಟೋ ಕಡೆ ಈಗ ಉಳಿದಿಲ್ಲ. ಒಳಗಡೆ ದೇವರಿಗೆ ಮಾಡೋದು ಸರಿ, ಬರೀ ಆವರಣದ ಗೋಡೆಗೂ ಇಷ್ಟು ಕೈಕೆಲಸ ಯಾಕೆ ಬೇಕಿತ್ತು ಅಂತ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಕೇಳಿದ್ದೆ. ನಮ್ಮತ್ತೆ ಅಂದಿದ್ದು, "ಬಂದೋರ ಕಣ್ಣಿಗೆ ಮೊದ್ಲು ಬೀಳೋದು ಅದೇ ಅಲ್ವೇನವ್ವ. ಮಕ ತೊಳಕಂಡು ನಿಂತಂಗೆ ಇರ್ಬೇಕು."

ಹೊಯ್ಸಳರ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅವನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ ಇದು. ಇಲ್ಲಿನ ಶಾಸನದ ಪದ್ಯ ಬರೆದೋನು ಜನ್ನ ಕವಿ. ಮುಂದೆ ಎಷ್ಟೋ ಗುಡಿ ಕೆತ್ತಿ ಹೆಸರು ಮಾಡಿದ ಮಲ್ಲಿತಮ್ಮ ಶುರುವಿನಲ್ಲಿ ಕೈ ಪಳಗಿಸಿಕೊಂಡಿದ್ದೂ ಇಲ್ಲೇ. ಇದನ್ನೆಲ್ಲ ಬರೆದೋರು ಬೇಕಾದಷ್ಟು ಜನ ಇದಾರೆ. ಇವತ್ತಿನ ನನ್ನ ವಿಷಯ ನಮ್ಮನೆ ಗೇಟು.

ನಮ್ಮನೆ ಗೇಟು ಈ ಊರಲ್ಲಿ ಹುಟ್ಟಿದ್ದಲ್ಲ. ಲಿಂಗದಹಳ್ಳಿ ಮೇಲೆ ಘಟ್ಟದ ಕಡೆ ಒಂದು ಕಾಫಿ ತೋಟ ಇತ್ತಂತೆ, ಮೊದಲು ದೊರೆಗಳದ್ದು. ಅವರು ಬಿಟ್ಟು ಹೋದ ಮೇಲೆ ಕೈ ಬದಲಾಗಿ ಕೈ ಬದಲಾಗಿ ಬಂಗಲೆ ಪಾಳು ಬಿದ್ದು, ಕೊನೆಗೆ ಕೆಡವಿದಾಗ ಬಾಗಿಲು, ಹೆಂಚು, ತೊಲೆ ಎಲ್ಲ ಮಾರಾಟಕ್ಕಿಟ್ರು. ನಮ್ಮ ಮಾವನೋರು ಹೋಗಿದ್ದು ತೊಲೆ ತರೋಕೆ. ತಂದಿದ್ದು ಗೇಟು, ಜೊತೆಗೆ ಜಗಲಿಗೆ ಆಗುವಷ್ಟು ಕಟಾಂಜನ. ಎತ್ತಿನ ಗಾಡೀಲಿ ಎರಡು ದಿನ ಆಯ್ತಂತೆ ಊರು ಮುಟ್ಟೋಕೆ. "ತೊಲೆ ಎಲ್ರೀ ಅಂದ್ರೆ ಗೇಟು ತೋರಿಸಿದ್ರು ಕಣೆ, ಮನೆಗಿನ್ನೂ ಸೂರಿಲ್ಲ, ಗೇಟು ಬಂತು" ಅಂತ ಅತ್ತೆ ಈಗಲೂ ನಗ್ತಾರೆ.

ಎರಡು ಬಾಗಿಲು, ಒಂದೊಂದು ಮೂರೂವರೆ ಅಡಿ. ನೆಟ್ಟಗೆ ನಿಂತ ಕಂಬಿಗಳು, ತುದೀಲಿ ಭರ್ಜಿ ಮೊನೆ. ನಡುವೆ ಅಡ್ಡ ಪಟ್ಟಿ, ಪಟ್ಟಿ ಮಧ್ಯೆ ಸಾಲಾಗಿ ದುಂಡು ಹೂವು. ಅದರ ಮೇಲೆ ಸುರುಳಿ ಸುರುಳಿ. ಹೂವು ನೋಡಿದ ಕೂಡ್ಲೆ ಅತ್ತೆ ಅದಕ್ಕೆ ಇಟ್ಟ ಹೆಸರು ಗುಡಿಗೋಡೆ ಹೂವು. ಇಂಗ್ಲೆಂಡಿನೋರ ಗೇಟಿಗೂ ಹೊಯ್ಸಳರ ಗೋಡೆಗೂ ಸಂಬಂಧ ಏನೂ ಇರಲಿಕ್ಕಿಲ್ಲ. ಆದ್ರೂ ದಿನಾ ಗುಡಿ ಮುಂದೆ ಓಡಾಡೋರಿಗೆ ಹಂಗೇ ಕಾಣೋದು. ಕೆಳಗಿನ ಅರ್ಧದಲ್ಲಿ ಎರಡೆರಡು ಕಂಬಿ ನಡುವೆ ಇನ್ನೊಂದು ಗಿಡ್ಡ ಕಂಬಿ ಇದೆ. ಅಂದಕ್ಕೆ ಅಂದ್ಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಅದನ್ನ ನಾಯಿಕಂಬಿ ಅಂತಲೇ ಕರೀತಾರಂತೆ, ನಾಯಿ, ಮೊಲ ನುಸುಳಬಾರದು ಅಂತ. ನಮ್ಮನೇಲಿ ಮೊಲ ಇಲ್ಲ, ಕೋಳಿ ಇದಾವೆ. ಮೂವತ್ತು ವರ್ಷ ಒಂದು ಕೋಳಿಮರೀನೂ ಆ ಗೇಟಿಂದ ರಸ್ತೆಗೆ ಹೋಗಿಲ್ಲ.

ಹೋದ ವರ್ಷ ನಮ್ಮ ಮಗ ಬೆಂಗಳೂರಿಂದ ಹೊಸ ಕಾರು ತಗೊಂಡು ಬಂದ. ರಸ್ತೆ ಸಣ್ಣದು, ಒಂದೇ ಸಲಕ್ಕೆ ತಿರುಗಿಸಿ ಒಳಗೆ ತರೋಕಾಗಲ್ಲ. ಎರಡು ಸಲ ಹಿಂದೆ ಮುಂದೆ ಮಾಡಿ, ಮೂರನೇ ಸಲಕ್ಕೆ ಕನ್ನಡಿ ಕಂಬಕ್ಕೆ ಉಜ್ಜಿತು. ಅವತ್ತೇ ತೀರ್ಮಾನ ಆಯ್ತು, ಗೇಟು ಬದಲಾಯಿಸ್ಬೇಕು ಅಂತ. ಮೊಬೈಲಲ್ಲಿ ಚಿತ್ರ ತೋರಿಸಿದ. ನೀವೂ ನೋಡಿರ್ತೀರ, ಈಗ ಎಲ್ಲಾ ಕಡೆ ಅದೇ. ಲೇಸರ್ ಕಟಿಂಗ್ ಅಂತೆ. ಪೂರ್ತಿ ತಗಡು, ಮೇಲೆ ಗಣಪತಿನೋ ನವಿಲೋ ಕೊರೆದಿರೋದು, ಅದರ ಹಿಂದೆ ಇನ್ನೊಂದು ತಗಡು. ಹನ್ನೆರಡು ಅಡಿಗೆ ಅರವತ್ತೈದು ಸಾವಿರ ಹೇಳಿದ್ರು. ಹಳೇ ಗೇಟು ಗುಜರಿಯವನಿಗೆ. ಅವನು ಬಂದು ಅಲ್ಲಾಡಿಸಿ ನೋಡಿ, "ತೂಕ ಐತೆ ಅಕ್ಕ, ಆರು ಏಳು ಸಾವಿರ ಆಗ್ಬೌದು" ಅಂದ.

ಮಗನ ಮಾತಲ್ಲಿ ಸುಳ್ಳಿರಲಿಲ್ಲ. ನಾನು ಅವನ ಪರವಾಗಿಯೇ ಹೇಳ್ತೀನಿ. ಮನೇಲಿ ಇರೋರು ಮೂರು ಜನ, ಎಲ್ರಿಗೂ ವಯಸ್ಸಾಗಿದೆ. ಅಡಿಕೆ ಒಣಗೋಕೆ ಹಾಕಿರ್ತೀವಿ, ದಾರೀಲಿ ಹೋಗೋರಿಗೆಲ್ಲ ಕಾಣುತ್ತೆ. ಲಾರಿ ಹೋದ್ರೆ ಧೂಳೆಲ್ಲ ಜಗಲಿಗೆ. ಕಂಬಿ ಸಂದಿ ಕೈ ಹಾಕಿದ್ರೆ ಅಗುಳಿ ತೆಗೀಬೌದು. ಇದೆಲ್ಲ ನಿಜ. ನಮ್ಮನೆಯೋರು ಹೂಂ ಅಂದ್ರು. ಅತ್ತೆ ಒಬ್ರೇ ಕೂತಲ್ಲಿಂದ, "ತಗಡು ತಂದು ನನ್ನ ಕಣ್ಣಿಗೆ ಬಡಿಬ್ಯಾಡಲೋ ಮಗ" ಅಂದ್ರು. ಯಾರೂ ಅಷ್ಟು ಕಿವಿಗೆ ಹಾಕ್ಕೊಳ್ಳಲಿಲ್ಲ. ಮಗ ಹತ್ತು ಸಾವಿರ ಮುಂಗಡ ಕೊಟ್ಟು ಬೆಂಗಳೂರಿಗೆ ಹೋದ.

ಅತ್ತೆಗೆ ಎಂಬತ್ತಮೂರು. ಮಂಡಿ ನೋವು, ಗುಡಿ ತನಕ ನಡೆಯೋದು ಬಿಟ್ಟು ನಾಲ್ಕು ವರ್ಷ ಆಯ್ತು. ಬೆಳಗ್ಗೆ ಕಾಫಿ ಕುಡಿದು ಜಗಲೀಲಿ ಕಟಾಂಜನಕ್ಕೆ ಒರಗಿ ಕೂತ್ರೆ ಮಧ್ಯಾಹ್ನ ಊಟಕ್ಕೇ ಏಳೋದು. ಅವರ ಊರು ಅಂದ್ರೆ ಆ ಗೇಟಿನ ಕಂಬಿ ಸಂದೀಲಿ ಕಾಣೋ ಊರು. ತರೀಕೆರೆ ಬಸ್ಸು ಬಂತಾ, ಯಾರು ಇಳಿದ್ರು, ಸ್ಕೂಲಿನ ಹುಡುಗ್ರು ಎಷ್ಟು ತಡವಾಗಿ ಹೋದ್ರು, ಯಾರ ಮನೆ ಎಮ್ಮೆ ಕಣ್ಣಿ ಬಿಚ್ಕೊಂಡಿದೆ, ಎಲ್ಲ ಅವರಿಗೆ ಲೆಕ್ಕ. ಹೋಗೋರೂ ಅಷ್ಟೇ, "ಏನಜ್ಜಿ, ಕಾಫಿ ಆಯ್ತಾ" ಅಂತ ಒಂದು ಮಾತು ಒಳಗೆ ಎಸೆದೇ ಹೋಗೋದು. ತಗಡಿನ ಗೇಟು ಹಾಕಿದ್ರೆ ಗೋಡೆ ನೋಡ್ಕೊಂಡು ಕೂರಬೇಕು.

ಇಷ್ಟರ ಮಧ್ಯೆ ಒಂದು ಹೂವು ಮುರೀತು. ಗುಜರಿಯವನು ಅಲ್ಲಾಡಿಸಿದ್ದಕ್ಕೋ, ಕಾರು ತಾಕಿದ್ದಕ್ಕೋ, ಒಂದು ದಿನ ಕಸ ಗುಡಿಸುವಾಗ ನೆಲದ ಮೇಲೆ ಎರಡು ಹೋಳಾಗಿ ಬಿದ್ದಿತ್ತು. ಅತ್ತೆ ಅದನ್ನ ಸೀರೆ ಸೆರಗಲ್ಲಿ ಒರೆಸಿ ಮಾಡದಲ್ಲಿ ಇಟ್ಕೊಂಡ್ರು. ಮಾರೋ ಗೇಟಿಗೆ ರಿಪೇರಿ ಯಾಕೆ ಅಂತ ನಮ್ಮನೆಯೋರು. ಸುಮ್ನೆ ವಿಚಾರಿಸಿ ಬರ್ತೀನಿ ಅಂತ ನಾನೇ ತರೀಕೆರೆಗೆ ತಗೊಂಡು ಹೋದೆ. ಮೊದಲನೇ ವೆಲ್ಡರ್ ನೋಡಿದ ಕೂಡ್ಲೆ, "ಇದು ಬೀಡು ಅಕ್ಕ, ವೆಲ್ಡಿಂಗ್ ಹಿಡಿಯಲ್ಲ" ಅಂತ ವಾಪಸ್ ಕೊಟ್ಟ. ಎರಡನೆಯವನೂ ಅದೇ ಮಾತು. ಮೂರನೇ ಅಂಗಡೀಲಿ ವಯಸ್ಸಾದ ಆಚಾರ್ರು ಒಬ್ರು ಇದ್ರು. ಮೊದಲು ಕುಲುಮೆ ಇಟ್ಕೊಂಡಿದ್ದೋರು, ಈಗ ಮಗನ ವೆಲ್ಡಿಂಗ್ ಶಾಪಲ್ಲಿ ಕೂರ್ತಾರೆ. ಅವರು ಹೋಳನ್ನ ಬೆಳಕಿಗೆ ಹಿಡಿದು, ಒಡೆದ ಜಾಗ ತೋರಿಸಿದ್ರು. ಒಳಗೆ ಬೂದು ಬಣ್ಣ, ಮರಳು ಮರಳಾಗಿ, ರವೆ ಉಂಡೆ ಮುರಿದ ಹಾಗೆ. "ನಿಮ್ಮನೇಲಿ ದೋಸೆ ಕಾವಲಿ ಬೀಡಿಂದಾ?" ಅಂದ್ರು. ಹೂಂ ಅಂದೆ. "ಅದೇ ಇದು" ಅಂದ್ರು.

ಅಲ್ಲಿಂದ ನನಗೆ ಎಲ್ಲ ಅರ್ಥ ಆಗ್ತಾ ಹೋಯ್ತು, ಯಾಕಂದ್ರೆ ಅಡುಗೆ ಮನೇದು ಬಂತಲ್ಲ. ಬೀಡಿನ ಕಾವಲಿ ಶಾಖ ಹಿಡ್ಕೊಳುತ್ತೆ, ನೂರು ವರ್ಷ ಬಾಳುತ್ತೆ, ಆದ್ರೆ ಕೈ ಜಾರಿ ಕಲ್ಲಿನ ಮೇಲೆ ಬಿದ್ರೆ ಎರಡು ಹೋಳು. ಕಾದಿರುವಾಗ ತಣ್ಣೀರು ಹುಯ್ದರೆ ಟಣ್ ಅಂತ ಸೀಳುತ್ತೆ. ಬಡಿದ ಕಬ್ಬಿಣದ ಸೌಟು ಬಗ್ಗುತ್ತೆ, ಮುರಿಯಲ್ಲ. ಬೀಡಿನಲ್ಲಿ ಇದ್ದಿಲಿನ ಅಂಶ, ಅಂದ್ರೆ ಕಾರ್ಬನ್, ನೂರಕ್ಕೆ ಎರಡಕ್ಕಿಂತ ಜಾಸ್ತಿ ಇರುತ್ತೆ. ಅದಕ್ಕೇ ಬೇಗ ಕರಗುತ್ತೆ, ಚೆನ್ನಾಗಿ ಅಚ್ಚಿಗೆ ಇಳಿಯುತ್ತೆ, ಅದಕ್ಕೇ ಪೆಡಸು. ಬಡಿಯೋ ಕಬ್ಬಿಣದಲ್ಲಿ ಕಾರ್ಬನ್ ಇಲ್ಲ ಅನ್ನುವಷ್ಟು ಕಮ್ಮಿ. ಕಾಯಿಸಿದ್ರೆ ಮೆತ್ತಗಾಗಿ ಹೇಳಿದ ಹಾಗೆ ಬಗ್ಗುತ್ತೆ.

ಹಂಗಾದ್ರೆ ನಮ್ಮ ಗೇಟು ಎರಡೂ ಸೇರಿದ್ದು. ಹೂವು, ಭರ್ಜಿ ಮೊನೆ ಎಲ್ಲ ಬೀಡು. ಮರದಲ್ಲಿ ಒಂದು ಮಾದರಿ ಕೆತ್ತಿ, ಅದನ್ನ ಒದ್ದೆ ಮರಳಲ್ಲಿ ಒತ್ತಿ ತೆಗೆದು, ಆ ಗುಂಡೀಲಿ ಕರಗಿದ ಬೀಡು ಹುಯ್ಯೋದು. ನಾವು ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ತೀವಲ್ಲ, ಅದೇ ಕೆಲಸ. ಒಂದು ಅಚ್ಚಿಂದ ನೂರು ಹೂವು, ಒಂದರ ಹಾಗೇ ಇನ್ನೊಂದು. ಸಕ್ಕರೆ ಅಚ್ಚೂ ಹಂಗೇ ಅಲ್ವಾ, ಅಂದ ಇರುತ್ತೆ, ಬಿದ್ರೆ ಪುಡಿ. ಸುರುಳಿಗಳು ಮಾತ್ರ ಕೈಯಲ್ಲಿ ಬಡಿದಿದ್ದು. ಅದು ಕೋಡುಬಳೆ ಸುತ್ತಿದ ಹಾಗೆ, ಬಿಸಿ ಇರುವಾಗಲೇ ಸುತ್ತಬೇಕು. ನೋಡೋಕೆ ಒಂದೇ ಥರ, ಹತ್ತಿರ ಹೋಗಿ ಅಳತೆ ಮಾಡಿದ್ರೆ ಒಂದು ದಪ್ಪ ಒಂದು ಸಣ್ಣ. ಮನೆಗೆ ಬಂದು ದಾರ ಹಿಡಿದು ನೋಡಿದೆ, ಹೌದು. ಹದಿನಾರು ಸುರುಳೀಲಿ ಎರಡು ಒಂದೇ ಅಳತೇವು ಸಿಗಲಿಲ್ಲ. ಹೂವೆಲ್ಲ ಒಂದೇ. ಬಡಿದ ಭಾಗಕ್ಕೆ ಎಲ್ಲೂ ವೆಲ್ಡಿಂಗ್ ಇಲ್ಲ, ರಿವಿಟ್ಟು, ಇಲ್ಲಾಂದ್ರೆ ಎರಡು ಸುರುಳಿ ಸೇರೋ ಕಡೆ ಬಿಸಿ ಪಟ್ಟಿ ಸುತ್ತಿ ಬಿಗಿದಿರೋ ಕೊರಳು.

ಆಚಾರ್ರು ಹೂವು ಸೇರಿಸಿಕೊಟ್ರು. ಮೊದಲು ಎರಡೂ ಹೋಳನ್ನ ನಿಧಾನಕ್ಕೆ ಕಾಯಿಸಿ, ಹಿತ್ತಾಳೆ ಕಡ್ಡಿ ಕರಗಿಸಿ ಬೆಸೆದು, ಬೆಸೆದ ಮೇಲೆ ಬೂದೀಲಿ ಹೂತಿಟ್ರು. ನಾಳೆ ಬನ್ನಿ ಅಂದ್ರು. ಬೇಗ ಆರಿದ್ರೆ ಮತ್ತೆ ಸೀಳುತ್ತಂತೆ. ಮಾರನೇ ದಿನ ಹೋದಾಗ್ಲೂ ಬೂದಿ ಬೆಚ್ಚಗಿತ್ತು. ಹೂವಿನ ಮೇಲೆ ಈಗೊಂದು ಹಳದಿ ಗೆರೆ ಇದೆ, ಬಣ್ಣ ಬಳಿದ್ರೆ ಕಾಣಲ್ಲ.

ಕಬ್ಬಿಣ ಅಂದ್ರೆ ನಮ್ಮ ಕಡೆಯೋರಿಗೆ ಹೊಸದಲ್ಲ ಬಿಡಿ. ಕೆಮ್ಮಣ್ಣುಗುಂಡಿ ಅನ್ನೋ ಹೆಸರೇ ಹೇಳುತ್ತೆ, ಕೆಂಪು ಮಣ್ಣಿನ ಗುಂಡಿ. ಅಲ್ಲಿಂದ ಅದಿರು ರೋಪ್‌ವೇ ತೊಟ್ಟಿಲಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ರೈಲಲ್ಲಿ ಭದ್ರಾವತಿಗೆ ಹೋಗ್ತಿತ್ತು. 1923ರಲ್ಲಿ ಭದ್ರಾವತಿ ಕಾರ್ಖಾನೆ ಕಬ್ಬಿಣ ಇಳಿಸೋಕೆ ಶುರು ಮಾಡಿದಾಗ ಕಲ್ಲಿದ್ದಲಲ್ಲ, ನಮ್ಮ ಕಾಡಿನ ಸೌದೆ ಸುಟ್ಟ ಇದ್ದಿಲು. ವಿಶ್ವೇಶ್ವರಯ್ಯನೋರು ಹಟ ಹಿಡಿದು ನಿಲ್ಲಿಸಿದ ಕಾರ್ಖಾನೆ ಅದು. ಮಾವನೋರ ಅಣ್ಣ ಅಲ್ಲಿ ಎರಕದ ಪೈಪು ಮಾಡೋ ಕಡೆ ಕೆಲಸಕ್ಕಿದ್ರು. ಅವರು ರಜಕ್ಕೆ ಬಂದಾಗೆಲ್ಲ ಗೇಟಿಗೆ ಬೆರಳಲ್ಲಿ ಕುಟ್ಟಿ ಕುಟ್ಟಿ ಸದ್ದು ಕೇಳ್ತಿದ್ರಂತೆ. ಬೀಡಾದ್ರೆ ಮಂದವಾಗಿ ಟೊಕ್ ಅನ್ನುತ್ತೆ, ಬಡಿದ ಕಬ್ಬಿಣ ಗಂಟೆ ಥರ ಎಳೀತದೆ. ಇದು ನಾನೂ ಮಾಡಿ ನೋಡಿದೆ. ನೀವೂ ನಿಮ್ಮನೆ ಹಳೇ ಕಿಟಕಿ ಕಂಬಿಗೆ ಮಾಡಿ ನೋಡಿ.

ಅದಕ್ಕಿಂತ ಮುಂಚೆ ಅಂದದ ಬೀಡು ಎಷ್ಟೋ ಹಡಗಲ್ಲೇ ಬರ್ತಿತ್ತು. ಲಾಲ್‌ಬಾಗಿನ ಗಾಜಿನ ಮನೆ ನೋಡಿದೀರಲ್ಲ, 1889ರಲ್ಲಿ ಅಡಿಗಲ್ಲು ಹಾಕಿದ್ದು, ಅದರ ಕಬ್ಬಿಣ ಬಂದಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಮ್ಯಾಕ್‌ಫರ್ಲೇನ್ ಕಂಪನಿಯ ಎರಕದ ಮನೆಯಿಂದ. ಮೈಸೂರು ಅರಮನೆ ಕಲ್ಯಾಣ ಮಂಟಪದ ಕಂಬಗಳೂ ಅಲ್ಲಿಂದಲೇ. ಹಳೇ ಮರದ ಅರಮನೆ 1897ರಲ್ಲಿ ಜಯಲಕ್ಷಮ್ಮಣ್ಣಿಯವರ ಮದುವೆ ಹೊತ್ತಲ್ಲಿ ಸುಟ್ಟು ಹೋಯ್ತಲ್ಲ, ಆಮೇಲೆ ಕಟ್ಟಿದ್ದು ಕಲ್ಲು, ಇಟ್ಟಿಗೆ, ಬೀಡು. 1912ಕ್ಕೆ ಮುಗೀತು. ದಸರಾಕ್ಕೆ ಹೋದಾಗ ನಾನು ಮೇಲಿನ ನವಿಲು ಗಾಜು ನೋಡ್ಕೊಂಡು ನಿಂತಿದ್ದೆ, ಕಂಬದ ಕಡೆ ಕಣ್ಣೇ ಹೋಗಿರಲಿಲ್ಲ. ಇನ್ನೊಂದ್ಸಲ ಹೋಗಬೇಕು. ಒಳಗೆ ಹೋಗೋ ಆನೆ ಬಾಗಿಲು ಮಾತ್ರ ನೆನಪಿದೆ, ಹಿತ್ತಾಳೇದು, ಗಂಡಭೇರುಂಡ ಇರೋದು. ಅದನ್ನ ನೋಡಿ ನಮ್ಮನೆಯೋರು, "ಇದನ್ನ ಯಾರು ದಿನಾ ಹುಣಸೆ ಹಣ್ಣು ಹಾಕಿ ಉಜ್ತಾರೋ" ಅಂದಿದ್ರು.

ನಮ್ಮ ಮಗಳು, ಅಳಿಯ ಇಂಗ್ಲೆಂಡಲ್ಲಿದಾರೆ. ಈ ಗೇಟಿನ ಜಗಳ ಫೋನಲ್ಲಿ ಅವಳ ತನಕ ಹೋಗಿ, ಅವಳು ಒಂದು ಭಾನುವಾರ ಹ್ಯಾಂಪ್ಟನ್ ಕೋರ್ಟ್ ಅನ್ನೋ ಅರಮನೆಗೆ ಹೋಗಿ ವಿಡಿಯೋ ಕಳಿಸಿದ್ಲು. ಥೇಮ್ಸ್ ನದಿ ಪಕ್ಕ ರಾಜರ ಖಾಸಗಿ ತೋಟ, ತೋಟದ ಕೊನೇಲಿ ಹನ್ನೆರಡು ಕಬ್ಬಿಣದ ಪರದೆ ಸಾಲಾಗಿ. ಝಾನ್ ತಿಜೂ ಅಂತ ಫ್ರಾನ್ಸಿಂದ ಬಂದ ಕಮ್ಮಾರ 1690ರ ಸುಮಾರಿಗೆ ಮಾಡಿದ್ದು. ಎಲೆ, ಮುಖ, ಬಳ್ಳಿ ಎಲ್ಲ ಕಬ್ಬಿಣದ ತಗಡನ್ನ ಹಿಂದಿನಿಂದ ತಟ್ಟಿ ತಟ್ಟಿ ಎಬ್ಬಿಸಿದ್ದು, ನಮ್ಮ ಕಡೆ ಬೆಳ್ಳಿ ಮುಖವಾಡ ಮಾಡ್ತಾರಲ್ಲ ಹಾಗೆ. ನನಗೆ ಅದು ಸ್ವಲ್ಪ ಜಾಸ್ತಿ ಆಯ್ತು ಅನ್ನಿಸ್ತು, ಮದುವೆ ಮನೇಲಿ ಎಲ್ಲಾ ಒಡವೆ ಒಟ್ಟಿಗೆ ಹಾಕ್ಕೊಂಡ ಹಾಗೆ. ಆದ್ರೆ ಒಂದು ವಿಷಯ ಗಮನಿಸಿದೆ. ಅಷ್ಟು ದೊಡ್ಡ ರಾಜ, ಬೇಕಿದ್ರೆ ನದಿ ಕಡೆ ಕೋಟೆ ಗೋಡೆ ಎಬ್ಬಿಸಬಹುದಿತ್ತು. ಅವನು ಹಾಕಿಸಿದ್ದು ಆಚೆ ನದಿ ಕಾಣೋ ಪರದೆ. ಅಲ್ಲಿನ ದೊಡ್ಡ ದೊಡ್ಡ ತೋಟದ ಮನೆಗಳ ಗೇಟೆಲ್ಲ ಹಾಗೇ ಇದಾವೆ ಅಂತ ಮಗಳು ಹೇಳಿದ್ಲು. ರಸ್ತೇಲಿ ನಿಂತೋರಿಗೆ ಉದ್ದನೆ ಮರದ ಸಾಲು, ಅದರಾಚೆ ಮನೆ ಕಾಣಬೇಕು, ಒಳಗೆ ಹೋಗೋ ಹಾಗಿಲ್ಲ. ಅದರಲ್ಲಿ ಒಂದು ದರ್ಪ ಇದೆ, ಇಲ್ಲ ಅನ್ನಲ್ಲ. ನಮ್ಮ ಗೇಟೂ ಒಂದು ಕಾಲಕ್ಕೆ ಕೂಲಿಯೋರನ್ನ ಆಚೆ ನಿಲ್ಲಿಸಿದ ಗೇಟೇ ಇರಬೇಕು. ಈಗ ಅದರ ಆಚೆ ನಿಂತು ಹೂವಿನವಳು ನಮ್ಮತ್ತೆ ಹತ್ರ ಕಷ್ಟ ಸುಖ ಹೇಳ್ಕೋತಾಳೆ.

ಇನ್ನೊಂದು ಕತೇನೂ ಹೇಳಿದ್ಲು. ಎರಡನೇ ಮಹಾಯುದ್ಧದಲ್ಲಿ, 1941ರಿಂದ ಈಚೆಗೆ, ಅಲ್ಲಿನ ಸರ್ಕಾರ ಮನೆ ಮುಂದಿನ, ಪಾರ್ಕಿನ ಕಟಾಂಜನ ಎಲ್ಲ ಕತ್ತರಿಸಿಕೊಂಡು ಹೋಯ್ತು, ಯುದ್ಧ ಸಾಮಾನಿಗೆ ಕಬ್ಬಿಣ ಬೇಕು ಅಂತ. ಹಳೇದು, ಕಲೆ ಇರೋದು ಅಂತ ಒಪ್ಪಿಕೊಂಡಿದ್ದನ್ನ ಮಾತ್ರ ಬಿಟ್ರು. ಲಂಡನ್ನಿನ ಎಷ್ಟೋ ಬೀದಿಗಳ ಗಿಡ್ಡ ಗೋಡೆ ಮೇಲೆ ಈಗ್ಲೂ ಸಾಲಾಗಿ ಕಬ್ಬಿಣದ ಮೋಟು ಕಾಣುತ್ತಂತೆ, ಹಲ್ಲು ಕಿತ್ತ ವಸಡಿನ ಹಾಗೆ. ಅದನ್ನ ಕೇಳಿ ನಮ್ಮತ್ತೆ, "ಅವರಿಗೆ ಯುದ್ಧ ಬಂದಿತ್ತು, ನಮ್ಗೇನು ಬಂದೈತೆ" ಅಂದ್ರು. ಮಗ ಫೋನಲ್ಲಿ ಕೇಳಿಸ್ಕೊಂಡು ಸುಮ್ಮನಾದ.

ಆದ್ರೂ ಮುಂಗಡ ಕೊಟ್ಟಾಗಿತ್ತು, ಶ್ರಾವಣದಲ್ಲಿ ಹೊಸ ಗೇಟು ಬರೋದಿತ್ತು. ಆಷಾಢ ಮುಗಿಯೋಕೆ ಒಂದು ವಾರ ಇರುವಾಗ ನಾವಿಬ್ರೂ ಬೀರೂರಿಗೆ ನೆಂಟರ ಮನೆ ಹನ್ನೊಂದನೇ ದಿನಕ್ಕೆ ಹೋಗಿದ್ವಿ. ಅತ್ತೆ ಒಬ್ರೇ. ಊಟ ಎಲ್ಲ ಕೈಗೆ ಸಿಗೋ ಹಾಗಿಟ್ಟು, ಪಕ್ಕದ ಮನೆಗೆ ಹೇಳಿ ಹೋಗಿದ್ವಿ. ಸೋನೆ ಮಳೆ. ತುಳಸಿ ಕಟ್ಟೆ ಮೇಲೆ ಒಣಗೋಕಿಟ್ಟಿದ್ದ ಬತ್ತಿ ತರೋಕೆ ಇಳಿದು ಅಂಗಳದಲ್ಲಿ ಜಾರಿ ಬಿದ್ರು. ಕೂಗಿದ್ರೆ ಮಳೆ ಸದ್ದಲ್ಲಿ ಯಾರಿಗೆ ಕೇಳುತ್ತೆ. ಹೂವಿನವಳು ಬುಟ್ಟಿ ಮೇಲೆ ಪ್ಲಾಸ್ಟಿಕ್ ಹೊದ್ದಿಸ್ಕೊಂಡು ಹೋಗ್ತಾ ಇದ್ದೋಳು ಅಭ್ಯಾಸದಂತೆ ಜಗಲಿ ಕಡೆ ತಿರುಗಿ ನೋಡಿದಾಳೆ, ಅಜ್ಜಿ ಇಲ್ಲ. ಕೆಳಗೆ ನೋಡಿದ್ರೆ ಕಂಬಿ ಸಂದೀಲಿ ಸೀರೆ ಕಾಣ್ತು. ಕೈ ಹಾಕಿ ಅಗುಳಿ ತೆಗೆದು ಒಳಗೆ ಬಂದು, ಪಕ್ಕದ ಮನೆಯೋರನ್ನ ಕೂಗಿ, ಆಟೋ ಕರೆಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಮುಂಗೈ ಮೂಳೆ ಮುರಿದಿತ್ತು. ಸೊಂಟಕ್ಕೆ ಏನೂ ಆಗಿರಲಿಲ್ಲ, ದೊಡ್ಡ ಪುಣ್ಯ. ಡಾಕ್ಟ್ರು, ಈ ವಯಸ್ಸಿನಲ್ಲಿ ಒದ್ದೆ ಸೀರೇಲಿ ಇನ್ನೊಂದೆರಡು ಗಂಟೆ ಮಳೇಲಿ ಬಿದ್ದಿದ್ರೆ ಕಷ್ಟ ಆಗ್ತಿತ್ತು ಅಂದ್ರು. ನಾವು ಬಂದಿದ್ದು ಸಂಜೆ ಆರಕ್ಕೆ.

ಮಗ ರಾತ್ರಿ ಬಸ್ಸಿಗೆ ಬಂದ. ಬಂದೋನು ಮೊದಲು ಹೇಳಿದ್ದು, "ಸಿಸಿ ಕ್ಯಾಮೆರಾ ಹಾಕಿಸ್ತೀನಮ್ಮ." ನಾನು ಕೇಳಿದೆ, "ಹಾಕ್ಸು, ಬೇಡ ಅನ್ನಲ್ಲ. ನಿನ್ನೆ ಮಧ್ಯಾಹ್ನ ಎರಡು ಗಂಟೇಲಿ ನೀನು ಏನ್ ಮಾಡ್ತಿದ್ದೆ?" ಮೀಟಿಂಗಲ್ಲಿದ್ದೆ ಅಂದ. ಅಷ್ಟೇ ಮಾತಾಗಿದ್ದು. ಬೆಳಗ್ಗೆ ಎದ್ದು ಅವನೇ ಟೇಪು ಹಿಡ್ಕೊಂಡು ಗೇಟಿನ ಮುಂದೆ ನಿಂತಿದ್ದ.

ಕಾರಿನ ಕಷ್ಟ ಹಾಗೇ ಇತ್ತಲ್ಲ, ಅದಕ್ಕೆ ದಾರಿ ಬೇಕು. ಒಂದು ಕಲ್ಲುಕಂಬನ ಮೂರಡಿ ಆಚೆ ಸರಿಸಿ, ಆ ಜಾಗಕ್ಕೆ ಮೂರನೇ ಬಾಗಿಲು ಒಂದು ಸೇರಿಸೋದು ಅಂತಾಯ್ತು. ಕಾರು ಬಂದಾಗ ಮೂರೂ ತೆಗೆಯೋದು, ಉಳಿದಂತೆ ಮೂರನೇದಕ್ಕೆ ನೆಲಕ್ಕೆ ಅಗುಳಿ. ಕಂಬ ಕೀಳುವಾಗ ಗಾರೆಯವನಿಗೆ ಆಶ್ಚರ್ಯ. ಕೀಲಿನ ಕಬ್ಬಿಣ ಕಲ್ಲಿಗೆ ಸೇರೋ ಕಡೆ ಸಿಮೆಂಟಿಲ್ಲ, ಸೀಸ ಕರಗಿಸಿ ಹುಯ್ದಿದ್ರು ಮಾವನೋರು. ಆಚಾರ್ರನ್ನ ಕೇಳಿದ್ದಕ್ಕೆ ಅದು ಹಳೇ ಕ್ರಮ, ಸೀಸ ಮೆತ್ತಗೆ, ಸಂದಿಗೆಲ್ಲ ಇಳಿದು ನೀರು ಹೋಗೋಕೆ ಬಿಡಲ್ಲ ಅಂದ್ರು. ನೀರು ಹೋದ್ರೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತೆ. ನಮ್ಮ ಬೀದೀಲಿ ಸಿಮೆಂಟಲ್ಲಿ ಕೂರಿಸಿದ ಗೇಟಿನ ಕಂಬಗಳಿಗೆಲ್ಲ ಉದ್ದಕ್ಕೆ ಬಿರುಕು ಯಾಕಿದೆ ಅಂತ ಆಗ ಗೊತ್ತಾಯ್ತು.

ಮೂರನೇ ಬಾಗಿಲಿಗೆ ವೆಲ್ಡರ್ ಹುಡುಗ, ಅಂದ್ರೆ ಆಚಾರ್ರ ಮಗ, ರೆಡಿಮೇಡ್ ಹೂವು ತಂದು ಹಚ್ತೀನಿ, ನೋಡೋರಿಗೆ ಗೊತ್ತೇ ಆಗಲ್ಲ ಅಂದ. ನಾನು ಬೇಡ ಅಂದೆ. ನೆಟ್ಟಗೆ ಕಂಬಿ, ಮೇಲೆ ಕೆಳಗೆ ಪಟ್ಟಿ, ಸಾಕು. ಹಳೇದು ಹಳೇದಾಗಿ ಕಾಣಲಿ, ಹೊಸದು ಹೊಸದಾಗಿ. ಮುತ್ತಜ್ಜಿ ಒಡವೆ ಪಕ್ಕ ರೋಲ್ಡ್‌ಗೋಲ್ಡ್ ಹಾಕಿದ್ರೆ ಎರಡೂ ಕೆಡುತ್ತೆ. ಅತ್ತೆಗೆ ಇದು ಒಪ್ಪಿಗೆ ಆಗಲಿಲ್ಲ, "ಬೋಳು ಬೋಳಾಗಿ ಕಾಣ್ತೈತೆ, ಒಂದು ಹೂವಾದ್ರೂ ಇಡ್ಸು" ಅಂತ ಈಗ್ಲೂ ಅಂತಾರೆ. ಎಲ್ಲ ಸೇರಿ ಹದಿನೆಂಟು ಸಾವಿರ ಚಿಲ್ಲರೆ ಆಯ್ತು. ಲೇಸರ್ ಗೇಟಿನೋರು ಮುಂಗಡದಲ್ಲಿ ಅರ್ಧ ವಾಪಸ್ ಕೊಟ್ರು, ಅಷ್ಟಾದ್ರೂ ಕೊಟ್ರಲ್ಲ.

ಬಣ್ಣದ ವಿಷಯ ಒಂದು ಹೇಳಿಬಿಡ್ತೀನಿ, ಹಳೇ ಗೇಟು, ಕಿಟಕಿ ಇರೋರಿಗೆ ಉಪಯೋಗಕ್ಕೆ ಬರುತ್ತೆ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರುತ್ತೆ, ಮಕ್ಕಳ ಮೈಗೆ ಹೋದ್ರೆ ತುಂಬ ಕೆಟ್ಟದ್ದು. ಒಣಗಿದ್ದನ್ನ ಹಾಗೇ ಉಪ್ಪುಕಾಗದ ಹಾಕಿ ಉಜ್ಜಬೇಡಿ, ಧೂಳು ಏಳುತ್ತೆ. ನೀರು ಚಿಮುಕಿಸಿ ಒದ್ದೆ ಮಾಡ್ಕೊಂಡು ಕೆರೆದು, ಕೆಳಗೆ ಹಳೇ ಪ್ಲಾಸ್ಟಿಕ್ ಹಾಸಿ, ಬಿದ್ದಿದ್ದನ್ನೆಲ್ಲ ಕಟ್ಟಿ ಎಸೀರಿ. ಮೂಗಿಗೆ ಸಣ್ಣ ಧೂಳು ತಡೆಯೋ ಮಾಸ್ಕ್ ಹಾಕ್ಕೊಳ್ಳಿ, ಮಕ್ಕಳನ್ನ ಹತ್ರ ಬಿಡಬೇಡಿ. ಬೆಂಕಿ ಇಟ್ಟು ಸುಡಲೇಬೇಡಿ. ನಮ್ಮ ಗೇಟು ಕೆರೆದಾಗ ಮೇಲೆ ಸಿಲ್ವರ್ ಬಣ್ಣ, ಅದರ ಕೆಳಗೆ ಕಪ್ಪು, ಮತ್ತೆ ಕಪ್ಪು, ಅದರ ಕೆಳಗೆ ಗಾಢ ಹಸಿರು, ತೀರಾ ಒಳಗೆ ಕೇಸರಿ ಕೆಂಪು ಬಂತು. ಆ ಹಸಿರೇ ಇದರ ತೋಟದ ಕಾಲದ ಬಣ್ಣ ಇರಬೇಕು. ಮಗ ಕಪ್ಪು ಬಳಿಯೋಣ ಅಂದ, ಗೋಲ್ಡನ್ ಮೊನೆ ಚೆನ್ನಾಗಿರುತ್ತೆ ಅಂದ. ಅತ್ತೆ ಎಡಗೈಯಲ್ಲೇ ಆ ಹಸಿರಿನ ಚಕ್ಕೆ ಒಂದು ಹಿಡ್ಕೊಂಡು, "ಕಾಫಿ ಎಲೆ ಬಣ್ಣ" ಅಂದ್ರು. ಅದನ್ನೇ ಬಳಿಸಿದ್ವಿ.

ಈಗ ಎರಡು ಬಾಗಿಲು ಹಸಿರಾಗಿ ನಿಂತಿದಾವೆ. ಮೂರನೇದು ಇನ್ನೂ ರೆಡ್ ಆಕ್ಸೈಡಲ್ಲೇ ಇದೆ, ಪೇಂಟರ್ ದೀಪಾವಳಿ ಕಳೀಲಿ ಅಂದೋನು ಪತ್ತೆ ಇಲ್ಲ. ಅದರದ್ದು ಇನ್ನೊಂದು ತಾಪತ್ರಯ, ಕೆಳಗಿನ ನಾಯಿಕಂಬಿ ಹಾಕೋದನ್ನ ಹುಡುಗ ಬಿಟ್ಟುಬಿಟ್ಟಿದಾನೆ. ಮೊದಲನೇ ದಿನವೇ ಏಳು ಕೋಳಿಮರಿ ಸಾಲಾಗಿ ರಸ್ತೆಗೆ ಹೋಗಿದ್ವು. ಅತ್ತೆ ಜಗಲಿಯಿಂದ ನೋಡಿ ಕೂಗಿದ್ದಕ್ಕೆ ಉಳ್ಕೊಂಡ್ವು. ಸದ್ಯಕ್ಕೆ ಬಲೆ ಕಟ್ಟಿದೀನಿ. ಹುಡುಗ ಈ ಗುರುವಾರ ಬಂದು ಹಾಕ್ಕೊಡ್ತೀನಿ ಅಂದಿದಾನೆ.